ತುಳಿಯಬಾರದ್ದನ್ನು ದಾರಿಗೆ ಹಾಸಿದವರಿಗೆ

ನಮ್ಮ ಸ್ಥಳೀಯ ಕೌನ್ಸಿಲ್ಲಿನ ಸಾರ್ವಜನಿಕ ಸ್ಥಳಗಳ ವಿನ್ಯಾಸ ವಿಭಾಗದ ಮುಖ್ಯಸ್ಥರ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ಲಂಡನ್ನಿನ ನಮ್ಮ ಬಡಾವಣೆಯ ಟ್ಯೂಬ್ ರೈಲು ಸ್ಟೇಷನ್ನಿನ ಬಾಗಿಲಿನಿಂದ ಅಂಗಡಿ ಬೀದಿಗೆ ಹೋಗುವ ಕಾಲುದಾರಿಯ ಮೇಲೆ ನಿಮ್ಮ ವಿಭಾಗ ಒಂದು ರಂಗೋಲಿಯನ್ನು ಅಂಟಿಸಿದೆ. ಹದಿನೈದು ಚುಕ್ಕಿಯದು. ನಡುವೆ ತಾವರೆ, ತಾವರೆಯೊಳಗೆ ಲಕ್ಷ್ಮಿಯ ಎರಡು ಪಾದ. ಅದನ್ನು ಬರೆದವಳು ನಾನು, ಅಲ್ಲಿ ಹಾಕಿದವರು ನೀವು. ಅದನ್ನು ತುಳಿಯಲಾರದೆ ಪಕ್ಕಕ್ಕೆ ಸರಿದ ನನ್ನ ಗೆಳತಿ ಕಾಶವ್ವ ಸೈಕಲ್ ದಾರಿಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಏಳು ತಿಂಗಳಾಯಿತು. ಅಂದಿನಿಂದ ಅವರು ಅಂಗಡಿ ಬೀದಿಗೆ ಕಾಲಿಟ್ಟಿಲ್ಲ. ಆ ರಂಗೋಲಿಯನ್ನು ಕಿತ್ತು ತೆಗೆಯಿರಿ. ನನ್ನ ಪತ್ರದ ಸಾರ ಇಷ್ಟೇ. ಉಳಿದದ್ದನ್ನು ಓದುವ ತಾಳ್ಮೆ ನಿಮಗೆ ಇರಲಾರದು, ಆದರೂ ಬರೆಯುತ್ತೇನೆ.

ಕನ್ನಡದಲ್ಲಿ ಏಕೆ ಬರೆಯುತ್ತಿದ್ದೇನೆ ಎಂದು ನಿಮಗೆ ಆಶ್ಚರ್ಯವಾಗಬಹುದು. ಇಂಗ್ಲಿಷಿನಲ್ಲಿ ಎರಡು ಸಲ ಬರೆದೆ. ಎರಡಕ್ಕೂ ಒಂದೇ ಉತ್ತರ ಬಂತು, ಬದಲಾಗಿದ್ದದ್ದು ತಾರೀಖು ಮಾತ್ರ. ಆ ಉತ್ತರದ ಕೊನೆಯಲ್ಲಿ ಒಂದು ಸಾಲು ಅಚ್ಚಾಗಿತ್ತು: ಈ ಮಾಹಿತಿ ನಿಮ್ಮ ಭಾಷೆಯಲ್ಲಿ ಬೇಕಿದ್ದರೆ ದಯವಿಟ್ಟು ನಮ್ಮನ್ನು ಸಂಪರ್ಕಿಸಿ. ಎಂಥ ಸೌಜನ್ಯ! ನನ್ನ ಭಾಷೆಯಲ್ಲಿ ಮಾಹಿತಿ ಬೇಕಾಗಿರುವುದು ನನಗಲ್ಲ ಸ್ವಾಮಿ, ನಿಮಗೆ. ಆ ಸಾಲನ್ನು ನಂಬಿ ನನ್ನ ಭಾಷೆಯಲ್ಲೇ ಬರೆದಿದ್ದೇನೆ, ಭಾಷಾಂತರ ಮಾಡಿಸಿಕೊಳ್ಳಿ. ಅಷ್ಟರೊಳಗೆ ಇದು ನಮ್ಮ ಕನ್ನಡ ಕೂಟದ ಸಂಚಿಕೆಯಲ್ಲಿ ಅಚ್ಚಾಗಿ, ಇಲ್ಫರ್ಡಿನಿಂದ ಎಜ್‌ವೇರ್‌ವರೆಗಿನ ಕನ್ನಡದವರೆಲ್ಲ ಓದಿ ಮುಗಿಸಿರುತ್ತಾರೆ. ನಮ್ಮ ಬಡಾವಣೆಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಬರೆದರೆ ನೀವು ಅದನ್ನೂ ಕತ್ತರಿಸಿ ನಿಮ್ಮ ಮುಂದಿನ ಬ್ರೋಷರಿನ ಮುಖಪುಟಕ್ಕೆ ಅಂಟಿಸುತ್ತೀರಿ ಎಂಬ ಭಯ ನನಗಿದೆ.

ಹೊಸದನ್ನು ಕಂಡರೆ ಮೂಗು ಮುರಿಯುವ ಅರವತ್ತನಾಲ್ಕರ ಹೆಂಗಸು ಎಂದು ನೀವು ನನ್ನನ್ನು ತಳ್ಳಿಹಾಕುವ ಮೊದಲು ನನ್ನ ಕಸುಬನ್ನೂ ಹೇಳಿಬಿಡುತ್ತೇನೆ. ನಾನು ಮೈಸೂರಿನಲ್ಲಿ ಕಮರ್ಷಿಯಲ್ ಆರ್ಟ್ ಕಲಿತವಳು. ಮದುವೆಯಾಗಿ, ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರಾಗಿದ್ದ ಗಂಡ ಉದಯಶಂಕರ್ ಜೊತೆ ಬಂದವಳು. ಇಪ್ಪತ್ತೆರಡು ವರ್ಷ ಲಂಡನ್ನಿನ ಒಂದು ಚಿಕ್ಕ ಪ್ರೆಸ್ಸಿನಲ್ಲಿ ಪುಟ ಕಟ್ಟಿದ್ದೇನೆ. ಮದುವೆ ಕಾರ್ಡು, ಹೋಟೆಲ್ ಮೆನು, ಶವಸಂಸ್ಕಾರದ ಹಾಳೆ, ಸೋಫಾ ಅಂಗಡಿಯ ಜಾಹೀರಾತು, ಕೊನೆಗೆ ನಿಮ್ಮದೇ ಕೌನ್ಸಿಲ್ಲಿನ ಕಸದ ಡಬ್ಬಿಯ ವೇಳಾಪಟ್ಟಿ, ಎಲ್ಲವೂ ನನ್ನ ಕೈಯಿಂದ ಹೋಗಿವೆ. ಯಾವ ಡಬ್ಬಿ ಯಾವ ವಾರ ಎಂದು ಜನ ಫೋನ್ ಮಾಡಿ ಕೇಳದಂತಹ ವೇಳಾಪಟ್ಟಿಯನ್ನು ನಿಮ್ಮ ಕೌನ್ಸಿಲ್ ಆ ಒಂದು ವರ್ಷ ಮಾತ್ರ ಹಂಚಿತು. ಇದು ಜಂಬವೇ, ಇರಲಿ.

ಪ್ರೆಸ್ಸಿನ ಮಾಲೀಕರು ನನಗೆ ಮೊದಲ ವಾರ ಕಲಿಸಿದ್ದು ಒಂದೇ ಪಾಠ. ಹಾಳೆಯ ಮೇಲೆ ಒಂದಕ್ಷರ ಇಡುವ ಮೊದಲು ಓದುವವನ ಹೆಬ್ಬೆರಳು ಎಲ್ಲಿ ಬೀಳುತ್ತದೆ ಎಂದು ನೋಡು ಎನ್ನುತ್ತಿದ್ದರು. ಮೆನುವನ್ನು ಹಿಡಿಯುವ ಕಡೆ ಬೆಲೆ ಹಾಕಬೇಡ, ಕಾರ್ಡು ಮಡಚುವ ಕಡೆ ಮದುಮಗಳ ಹೆಸರು ಹಾಕಬೇಡ. ನಾನು ಅದಕ್ಕೆ ನಮ್ಮವರ ಪಾಠವನ್ನೂ ಸೇರಿಸಿಕೊಂಡೆ. ಲಕೋಟೆ ಹರಿಯುವ ಜಾಗದಲ್ಲಿ ಗಣಪತಿಯನ್ನು ಕೂರಿಸಬಾರದು. ಒಮ್ಮೆ ಹೊಸ ಹೋಟೆಲ್ಲಿನವರೊಬ್ಬರು ಬಂದು ಕಾಗದದ ಕರವಸ್ತ್ರದ ಮೇಲೆ ಲಕ್ಷ್ಮಿಯ ಚಿತ್ರ ಅಚ್ಚು ಹಾಕಿಕೊಡಿ ಎಂದರು. ನಾನು ಏನನ್ನೂ ವಾದಿಸಲಿಲ್ಲ. ಒಂದು ಕರವಸ್ತ್ರ ತೆಗೆದು ಅವರ ಕೈಗೆ ಕೊಟ್ಟು, ಊಟವಾದ ಮೇಲೆ ಇದರಲ್ಲಿ ಏನು ಒರೆಸುತ್ತೀರಿ ಎಂದು ಕೇಳಿದೆ. ಮನುಷ್ಯ ಕೆಂಪಗಾಗಿ, ಬರೀ ಹೋಟೆಲ್ ಹೆಸರು ಸಾಕಮ್ಮ ಎಂದರು. ಡಿಸೈನ್ ಎಂದರೆ ಕೊನೆಗೆ ಇಷ್ಟೇ ಎಂದು ನಾನು ನಂಬಿದ್ದೇನೆ. ಕೈ ಎಲ್ಲಿ ಬೀಳುತ್ತದೆ, ಕಾಲು ಎಲ್ಲಿ ಬೀಳುತ್ತದೆ ಎಂದು ಮೊದಲೇ ಯೋಚಿಸುವುದು. ಅದಕ್ಕೆ ನಿಮ್ಮಂತೆ ಕಾಲರಿಲ್ಲದ ಕಪ್ಪು ಅಂಗಿಯಾಗಲಿ, ದುಂಡು ಕನ್ನಡಕವಾಗಲಿ ಬೇಕಾಗಿಲ್ಲ.

ಈಗ ನಿಮ್ಮ ಸಮಾಲೋಚನಾ ಸಭೆಯ ಮಾತಿಗೆ ಬರುತ್ತೇನೆ. ಸಮುದಾಯವನ್ನು ಕೇಳಿಯೇ ಮಾಡಿದ್ದೇವೆ ಎಂದು ನೀವು ಹೋದಲ್ಲೆಲ್ಲ ಹೇಳುತ್ತೀರಲ್ಲ, ಆ ಸಮುದಾಯದಲ್ಲಿ ನಾನೂ ಒಬ್ಬಳು. ಲೈಬ್ರರಿಯ ಮಹಡಿಯಲ್ಲಿ ಹನ್ನೊಂದು ಜನ ಸೇರಿದ್ದೆವು. ಬಿಸ್ಕತ್ತು ಇತ್ತು, ಹಳದಿ ಅಂಟುಚೀಟಿಗಳಿದ್ದವು, ದಪ್ಪ ಪೆನ್ನುಗಳಿದ್ದವು. ನೀವು ನೇಮಿಸಿದ್ದ ಸಲಹೆಗಾರ್ತಿ ಒಳ್ಳೆಯ ಹುಡುಗಿಯೇ. ನಿಮ್ಮ ಮನೆಯನ್ನು ನೆನಪಿಸುವ ಏನನ್ನಾದರೂ ಬರೆಯಿರಿ, ಸೇತುವೆಯ ಕೆಳಗಿನ ಗೋಡೆಗೆ ಬಳಸುತ್ತೇವೆ ಎಂದಳು. ಸ್ಟೇಷನ್ ಪಕ್ಕದ ರೈಲು ಸೇತುವೆಯ ಗೋಡೆ, ಪಾರಿವಾಳದ ಹಿಕ್ಕೆ ಬಿದ್ದು ಬಿದ್ದು ಬಣ್ಣವೇ ಗೊತ್ತಾಗದ ಗೋಡೆ. ಅದಕ್ಕೆ ಒಂದು ಕಳೆ ಬರಲಿ ಎಂದು ನನಗೂ ಅನ್ನಿಸಿತು. ನಮ್ಮ ಸೋದರತ್ತೆ ಕಲಿಸಿದ ಹದಿನೈದು ಚುಕ್ಕಿಯ ತಾವರೆ ಬರೆದೆ. ಗೋಡೆ ತಾನೇ ಎಂದು ನಡುವೆ ಪಾದಗಳನ್ನೂ ಬರೆದೆ. ವರಮಹಾಲಕ್ಷ್ಮಿ ವ್ರತದ ದಿನ ಕಲಶದ ಹಿಂದಿನ ಗೋಡೆಗೆ ನಮ್ಮ ಮನೆಯಲ್ಲಿ ಹಾಗೇ ಬರೆಯುತ್ತಿದ್ದರು.

ಬರೆದು ಕೊಡುವಾಗ ನಾನು ಆ ಹುಡುಗಿಗೆ ಬಾಯಿಬಿಟ್ಟು ಹೇಳಿದೆ. ಇದರಲ್ಲಿ ದೇವಿಯ ಪಾದವಿದೆ, ಇದನ್ನು ಜನ ಓಡಾಡುವ ನೆಲಕ್ಕೆ ಹಾಕಬಾರದು, ನಮ್ಮವರು ತುಳಿಯುವುದಿಲ್ಲ ಎಂದೆ. ಅವಳು ತಲೆಯಾಡಿಸಿ ಒಂದು ಹಳದಿ ಚೀಟಿಯಲ್ಲಿ ಅದನ್ನು ಬರೆದು ಹಲಗೆಗೆ ಅಂಟಿಸಿದಳು. ನೆಲ ಬೇಡ, ಪಾದ ಎಂದು ಬರೆದದ್ದನ್ನು ನಾನೇ ಕಣ್ಣಾರೆ ನೋಡಿದೆ. ಆಮೇಲೆ ನಿಮ್ಮ ವರದಿ ಬಂತು. ಅರವತ್ತು ಪುಟ, ದಪ್ಪ ಕಾಗದ, ಪುಟಕ್ಕೆ ನಾಲ್ಕು ಸಾಲು, ಉಳಿದದ್ದು ಬಿಳಿ ಜಾಗ. ಅದರ ನಲವತ್ತೊಂದನೆಯ ಪುಟದಲ್ಲಿ ಆ ಹಲಗೆಯ ಫೋಟೋ ಇದೆ. ನನ್ನ ಚೀಟಿಯನ್ನು ಯಾರೋ ಕಿತ್ತು, 'ಕಾಲ್ನಡಿಗೆಗೆ ನಿವಾಸಿಗಳ ಬೆಂಬಲ' ಎಂಬ ತಲೆಬರಹದ ಕೆಳಗೆ ಅಂಟಿಸಿದ್ದಾರೆ. ಓದದೆ ಅಂಟಿಸಿದರೋ, ಓದಿ ಅಂಟಿಸಿದರೋ? ಎರಡರಲ್ಲಿ ಯಾವುದು ಹೆಚ್ಚು ಹೇಸಿಗೆಯದು ಎಂದು ನಾನಿನ್ನೂ ತೀರ್ಮಾನಿಸಿಲ್ಲ.

ಮತ್ತೆ ಆ ಒಪ್ಪಿಗೆ ಪತ್ರ. ಬಿಸ್ಕತ್ತಿನ ತಟ್ಟೆಯ ಪಕ್ಕ ಇಟ್ಟು ಸಹಿ ಹಾಕಿಸಿಕೊಂಡಿರಿ. ಚಿತ್ರವನ್ನು ಯಾವುದೇ ಮೇಲ್ಮೈಯಲ್ಲಿ, ಯಾವುದೇ ಅಳತೆಯಲ್ಲಿ, ಎಷ್ಟು ಸಲ ಬೇಕಾದರೂ ಬಳಸುವ ಹಕ್ಕು ಕೌನ್ಸಿಲ್ಲಿನದು ಎಂದು ಕೆಳಗೆ ಇರುವೆಯಂಥ ಅಕ್ಷರದಲ್ಲಿತ್ತಂತೆ. ಇಪ್ಪತ್ತೆರಡು ವರ್ಷ ಬೇರೆಯವರ ಇಂಥ ಇರುವೆ ಅಕ್ಷರಗಳನ್ನು ಪುಟದ ಬುಡಕ್ಕೆ ಜೋಡಿಸಿದವಳು ನಾನು. ಜನ ಓದಬಾರದು ಎಂದೇ ಅವನ್ನು ಹಾಗೆ ಜೋಡಿಸುತ್ತಾರೆ ಎಂದು ನನಗೆ ಗೊತ್ತಿತ್ತು. ಆದರೂ ಓದಲಿಲ್ಲ. ಮಾಡಿದ್ದುಣ್ಣೋ ಮಹರಾಯ. ನನ್ನ ಪಾಲಿನ ಬುದ್ಧಿಗೇಡಿತನವನ್ನು ನಾನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಕಳೆದ ದೀಪಾವಳಿಯ ವಾರ ಉದ್ಘಾಟನೆಗೆ ಕರೆದಿರಿ. ರೇಷ್ಮೆ ಸೀರೆ ಉಟ್ಟು, ಮಳೆಯಿದ್ದದ್ದರಿಂದ ಮೇಲೆ ಕೋಟು, ಕಾಲಿಗೆ ಚರ್ಮದ ಬೂಟು ಹಾಕಿಕೊಂಡು ಬಂದೆ. ಸೇತುವೆಯ ಗೋಡೆಯನ್ನು ನೋಡಿದೆ. ಪಾರಿವಾಳದ ಹಿಕ್ಕೆ ಹಾಗೇ ಇತ್ತು. ಅಲ್ಲಿ ಅಲ್ಲ, ಕೆಳಗೆ ನೋಡಿ ಎಂದು ಯಾರೋ ನಕ್ಕರು. ಕೆಳಗೆ ನೋಡಿದರೆ ನನ್ನ ತಾವರೆ ಬಸ್ಸಿನಷ್ಟು ಅಗಲವಾಗಿ ದಾರಿಯ ಈ ತುದಿಯಿಂದ ಆ ತುದಿಗೆ ಮಲಗಿತ್ತು. ರಸ್ತೆಗೆ ಬಿಳಿ ಪಟ್ಟೆ ಎಳೆಯುವ ಬಣ್ಣವನ್ನೇ ಕಾಯಿಸಿ ನೆಲಕ್ಕೆ ಮೆತ್ತಿದ್ದೀರಿ. ಪಾದಗಳ ಮೇಲೆ ಆಗಲೇ ಯಾರದೋ ಕಾಫಿ ಚೆಲ್ಲಿತ್ತು. ಪಕ್ಕದಲ್ಲಿ ಹಿತ್ತಾಳೆಯ ಫಲಕ, ಅದರಲ್ಲಿ ನನ್ನ ಹೆಸರು.

ಆ ಜಾಗವನ್ನು ನೀವು ಉದ್ಘಾಟನೆಯ ದಿನ ಬಿಟ್ಟರೆ ನಕ್ಷೆಯಲ್ಲಿ ಮಾತ್ರ ನೋಡಿರುವ ಸಾಧ್ಯತೆ ಇರುವುದರಿಂದ ನೆಲದಲ್ಲಿ ಅದು ಹೇಗಿದೆ ಎಂದು ತಿಳಿಸುತ್ತೇನೆ. ಸ್ಟೇಷನ್ನಿನಿಂದ ಹೊರಬಂದರೆ ಬಲಕ್ಕೆ ಬೆಳಕಿನ ಜಾಹೀರಾತು ಹಲಗೆ, ನಮ್ಮ ಅಡುಗೆಮನೆಯ ಬಾಗಿಲಿಗಿಂತ ಅಗಲ. ಬರ್ಗರ್, ಮೊಬೈಲ್, ನಿಮ್ಮ ಕೌನ್ಸಿಲ್ಲಿನ ಸಾಧನೆಗಳು ಸರದಿಯಲ್ಲಿ ಹೊಳೆಯುತ್ತವೆ. ಎಡಕ್ಕೆ ಸೈಕಲ್ ದಾರಿ. ಮೊದಲು ಅಲ್ಲಿ ಕಾಲಿಗೆ ಸಿಗುವ ಒಂದು ಅಂಚುಕಲ್ಲು ಇತ್ತು. ಅಡೆತಡೆಯಿಲ್ಲದ ಏಕರೂಪದ ನೆಲ ಎಂದು ನೀವು ಅದನ್ನು ಕಿತ್ತು, ಎರಡಕ್ಕೂ ಒಂದೇ ಬೂದುಬಣ್ಣದ ಕಲ್ಲು ಹಾಸಿದಿರಿ. ಎಲ್ಲಿಗೆ ಕಾಲುದಾರಿ ಮುಗಿಯಿತು, ಎಲ್ಲಿಂದ ಸೈಕಲ್ ಶುರುವಾಯಿತು ಎಂದು ಈಗ ತಿಳಿಯಬೇಕಾದರೆ ಮೇಲಿನಿಂದ ತೆಗೆದ ಫೋಟೋ ನೋಡಬೇಕು. ಆ ಫೋಟೋ ನಿಮ್ಮ ವರದಿಯಲ್ಲಿ ಬಹಳ ಚೆನ್ನಾಗಿದೆ. ಎರಡರ ನಡುವಿನ ಪೂರ್ತಿ ಅಗಲಕ್ಕೆ ರಂಗೋಲಿ. ತುಳಿಯದೆ ದಾಟಬೇಕಾದರೆ ಉಳಿದಿರುವುದು ಸೈಕಲ್ ದಾರಿಯೊಂದೇ. ಇದನ್ನು ಯೋಚಿಸಲು ಎಷ್ಟು ಜನ ಪದವೀಧರರು ಬೇಕಾದರು ಎಂದು ತಿಳಿಯುವ ಕುತೂಹಲ ನನಗಿದೆ.

ಕಾಶವ್ವನವರನ್ನು ನಿಮಗೆ ಪರಿಚಯಿಸುತ್ತೇನೆ, ಏಕೆಂದರೆ ನಿಮ್ಮ ತನಿಖಾ ಟಿಪ್ಪಣಿಯಲ್ಲಿ ಅವರಿಗೆ ಹೆಸರಿಲ್ಲ, 'ಎಪ್ಪತ್ತು ದಾಟಿದ ಮಹಿಳಾ ಪಾದಚಾರಿ' ಎಂದಿದೆ. ಧಾರವಾಡದ ಕಡೆಯವರು. ಮಗಳು ಶೋಭಾ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು. ಒಂಬತ್ತು ವರ್ಷದ ಹಿಂದೆ ತಾಯಿಯನ್ನು ಕರೆಸಿಕೊಂಡರು. ಕಾಶವ್ವನಿಗೆ ಇಂಗ್ಲಿಷ್ ಬರುವುದಿಲ್ಲ, ಅದರಿಂದ ಅವರ ಯಾವ ಕೆಲಸವೂ ನಿಂತಿರಲಿಲ್ಲ. ಇಳಕಲ್ ಸೀರೆಯ ಮೇಲೆ ದಪ್ಪ ಕೋಟು, ಕಾಲಿಗೆ ಮೊಮ್ಮಗಳ ಹಳೆಯ ಬಿಳಿ ಬೂಟು. ದಿನಾ ಹತ್ತು ಗಂಟೆಗೆ ಮನೆ ಬಿಟ್ಟು, ಸ್ಟೇಷನ್ ದಾಟಿ, ಅಂಗಡಿ ಬೀದಿಯಲ್ಲಿ ಮೆಂತ್ಯ ಸೊಪ್ಪನ್ನು ಕಂತೆ ಬಿಚ್ಚಿ ನೋಡಿ ಕೊಂಡು, ಅಂಗಡಿಯವನ ಗುಜರಾತಿಗೆ ತಮ್ಮ ಧಾರವಾಡದ ಕನ್ನಡದಲ್ಲಿ ಉತ್ತರ ಕೊಟ್ಟು, ಆಮೇಲೆ ಆ ಬೀದಿಯ ತುದಿಯಲ್ಲಿ, ಕಾಲುದಾರಿಗೆ ಎದುರಾಗಿ ನಾನು ಕುಳಿತಿರುತ್ತಿದ್ದ ಬೆಂಚಿಗೆ ಬರುತ್ತಿದ್ದರು. ನಿಮ್ಮದೇ ಬೆಂಚು, ಯಾರೂ ಮಲಗಬಾರದೆಂದು ನಡುವೆ ಕಬ್ಬಿಣದ ಕೈ ನೆಟ್ಟಿದ್ದೀರಲ್ಲ, ಅದು. ಆ ಕಬ್ಬಿಣದ ಈ ಕಡೆ ನಾನು, ಆ ಕಡೆ ಅವರು. ಮನೆಯಲ್ಲಿ ಅವರು ಮಗಳ ತಾಯಿ, ಮೊಮ್ಮಗಳ ಅಜ್ಜಿ. ಆ ಒಂದೂವರೆ ಗಂಟೆ ಮಾತ್ರ ಯಾರ ಏನೂ ಅಲ್ಲದ ಕಾಶವ್ವ.

ರಂಗೋಲಿ ಬಂದ ಮೇಲೂ ಅವರು ದಿನಾ ಬಂದರು. ಅದರ ಅಂಚಿಗೆ ಬಂದು ನಿಂತು, ಹಿಂದೆ ಮುಂದೆ ನೋಡಿ, ಸೀರೆಯ ನೆರಿಗೆ ಎತ್ತಿ ಹಿಡಿದು ಎಡಕ್ಕೆ ಸರಿದು ಬಳಸಿಕೊಂಡು ಬರುತ್ತಿದ್ದರು. ನಮ್ಮೂರ ಕಡೆಯ ಹೆಂಗಸರು ಬೇರೆ ಕೆಲವರೂ ಹಾಗೇ ಮಾಡುವುದನ್ನು ನೋಡಿದ್ದೇನೆ. ಸಾವಿರಾರು ಜನ ತುಳಿದುಕೊಂಡು ಹೋಗುತ್ತಿದ್ದರು, ಅವರಿಗೆ ಅದು ಬಣ್ಣದ ಚಿತ್ರ, ಅವರದು ತಪ್ಪಲ್ಲ. ನಾನು ಬೆಂಚಿನಲ್ಲಿ ಕುಳಿತು ಇದನ್ನೆಲ್ಲ ಮೂರು ತಿಂಗಳು ನೋಡಿದೆ. ಹುಷಾರು ಎಂದು ಕಾಶವ್ವನಿಗೆ ಒಂದು ಮಾತು ಹೇಳಲಿಲ್ಲ. ಸುಳ್ಳೇಕೆ, ಯಾರೋ ಒಬ್ಬರಾದರೂ ಆ ಪಾದಗಳಿಗೆ ಮರ್ಯಾದೆ ಕೊಡುತ್ತಿದ್ದಾರಲ್ಲ ಎಂದು ಒಳಗೊಳಗೇ ಖುಷಿಪಡುತ್ತಿದ್ದೆ.

ಫೆಬ್ರವರಿಯ ಒಂದು ಮಂಗಳವಾರ, ಹತ್ತೂವರೆಯ ಸುಮಾರು. ಕೈಯಲ್ಲಿ ಸೊಪ್ಪು ತರುವ ಖಾಲಿ ಚೀಲ. ಎಂದಿನಂತೆ ನಿಂತರು, ನೋಡಿದರು, ಸರಿದರು. ಹೋಟೆಲ್ ಊಟವನ್ನು ಮನೆಗಳಿಗೆ ತಲುಪಿಸುವವನ ಬ್ಯಾಟರಿ ಸೈಕಲ್ಲು ಸದ್ದಿಲ್ಲದೆ ಬಂತು. ಅವನು ತಪ್ಪಿಸಲು ನೋಡಿದ, ಹ್ಯಾಂಡಲ್ ತಗುಲಿತು, ಕಾಶವ್ವ ಬಲಗಡೆಗೆ ಬಿದ್ದರು. ಬಿದ್ದ ಜಾಗದಿಂದ ರಂಗೋಲಿಯ ಅಂಚಿಗೆ ಒಂದು ಗೇಣು. ನಾನು ಓಡಿಹೋಗುವಷ್ಟರಲ್ಲಿ ಆ ಮನುಷ್ಯ ತನ್ನ ಜಾಕೆಟ್ಟನ್ನು ಬಿಚ್ಚಿ ಅವರ ತಲೆಯ ಕೆಳಗಿಟ್ಟಿದ್ದ. ಆಂಬುಲೆನ್ಸ್ ಬರುವವರೆಗೆ, ಯಾರದೋ ಊಟ ತಣ್ಣಗಾಗುತ್ತಿದ್ದರೂ, ಕದಲಲಿಲ್ಲ. ಅವನು ತನ್ನ ದಾರಿಯಲ್ಲೇ ಬಂದಿದ್ದ. ಕಾಶವ್ವ ನರಳಲೂ ಇಲ್ಲ, ಕಾಲು ಎತ್ತಲಿಕ್ಕೆ ಬರವಲ್ಲದು ಎಂದಷ್ಟೇ ಅಂದರು. ಮರುದಿನ ಆಪರೇಷನ್ ಆಯಿತು, ಸ್ಟೀಲಿನ ಕೀಲು ಹಾಕಿದರು. ಶೋಭಾ ದಿನಾ ಬೇರೆಯವರ ಮಕ್ಕಳನ್ನು ನೋಡುವ ಡಾಕ್ಟರು, ಅಂದು ವಾರ್ಡಿನ ಹೊರಗೆ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತರು.

ನಾನು ದೂರು ಕೊಟ್ಟೆ. ನಿಮ್ಮ ಉತ್ತರ ಬಂತು. ಪಾದಚಾರಿಯು ನಿಗದಿತ ಮಾರ್ಗದಿಂದ ವಿಚಲಿತರಾಗಿದ್ದು ಘಟನೆಗೆ ಕಾರಣ, ವಿನ್ಯಾಸದಲ್ಲಿ ಲೋಪ ಕಂಡುಬಂದಿಲ್ಲ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ ಎಂದು ನಮ್ಮಲ್ಲಿ ಗಾದೆಯಿದೆ. ನೀವು ಅದನ್ನೂ ತಿರುಗಿಸಿಬಿಟ್ಟಿರಿ. ನೆಲವನ್ನು ನೀವೇ ಡೊಂಕು ಮಾಡಿ, ನಡೆಯುವವಳಿಗೆ ನಡಿಗೆ ಬಾರದು ಎನ್ನುತ್ತೀರಿ. ಒಂದು ಬಾಗಿಲನ್ನು ತಳ್ಳಬೇಕಾದ ಕಡೆ ಹತ್ತು ಜನ ಎಳೆದರೆ ತಪ್ಪು ಬಾಗಿಲಿನದು ಎಂದು ನಿಮ್ಮ ಕಾಲೇಜಿನಲ್ಲಿ ಮೊದಲ ವರ್ಷ ಹೇಳಿಕೊಡುವುದಿಲ್ಲವೇ? ನಮಗಂತೂ ಮೈಸೂರಿನಲ್ಲಿ ಹೇಳಿಕೊಟ್ಟಿದ್ದರು.

ನಿಮ್ಮ ಎರಡನೆಯ ವಾದ ಇನ್ನೂ ಸೊಗಸು. ರಂಗೋಲಿಯನ್ನು ನಿಮ್ಮ ಸಂಸ್ಕೃತಿಯಲ್ಲೇ ನೆಲದ ಮೇಲೆ ಬಿಡಿಸುತ್ತಾರಲ್ಲ, ಹಾಗಾಗಿ ನಮ್ಮ ಬಳಕೆ ಅಧಿಕೃತ ಸಂಪ್ರದಾಯಕ್ಕೆ ಅನುಗುಣವಾಗಿದೆ ಎಂದು ಬರೆದಿದ್ದೀರಿ. ನಾವು ಚಾಪೆ ಕೆಳಗೆ ತೂರಿದರೆ ನೀವು ರಂಗೋಲಿ ಕೆಳಗೆ ತೂರುವವರು, ಇಲ್ಲಿ ಅಕ್ಷರಶಃ ತೂರಿದ್ದೀರಿ. ಹೌದು, ನೆಲದ ಮೇಲೇ ಬಿಡಿಸುತ್ತೇವೆ. ಬಾಗಿಲ ಮುಂದೆ ಸಾರಿಸಿ, ಬದಿಗೆ ಕಾಲಿಡಲು ಜಾಗ ಬಿಟ್ಟು, ಬೆರಳ ಸಂದಿಯಿಂದ ಪುಡಿ ಬಿಟ್ಟು ಬಿಡಿಸುತ್ತೇವೆ. ಬಂದವರು ದಾಟಿಕೊಂಡು ಬರುತ್ತಾರೆ, ಸಂಜೆಯ ಹೊತ್ತಿಗೆ ಗಾಳಿಗೋ ಸೆರಗಿಗೋ ಅಷ್ಟಿಷ್ಟು ಅಳಿಸಿರುತ್ತದೆ, ಅದಕ್ಕೆ ಯಾರೂ ಜಗಳವಾಡುವುದಿಲ್ಲ. ಬೆಳಗಾದರೆ ಬರೆದವಳೇ ನೀರು ಹಾಕಿ ಗುಡಿಸಿ ಹೊಸದು ಬರೆಯುತ್ತಾಳೆ. ನಿನ್ನೆಯದನ್ನು ಉಳಿಸಿಕೊಳ್ಳುವವರು ಯಾರೂ ಇಲ್ಲ. ದೇವಿಯ ಪಾದ ಬರೆದರಂತೂ ಅದು ದೇವರ ಕೋಣೆಗೆ ಹೋಗುವ ದಾರಿ, ಮಕ್ಕಳು ಕೂಡ ಜಿಗಿದುಕೊಂಡು ಹೋಗುತ್ತಾರೆ. ನೀವು ಇದರಿಂದ 'ನೆಲ' ಎಂಬುದೊಂದನ್ನು ಎತ್ತಿಕೊಂಡು ಬಾಕಿಯದನ್ನೆಲ್ಲ ಚೆಲ್ಲಿದಿರಿ. ಹತ್ತು ವರ್ಷ ಬಾಳಿಕೆ ಬರುವ ರಂಗೋಲಿ ಎಂದು ಉದ್ಘಾಟನೆಯ ದಿನ ಹೆಮ್ಮೆಯಿಂದ ಹೇಳಿದಿರಲ್ಲ, ಅಷ್ಟು ದಿನ ತೊಳೆಯದ ಅಂಗಳಕ್ಕೆ ನಮ್ಮ ಕಡೆ ಏನನ್ನುತ್ತಾರೆ ಗೊತ್ತೇ? ಸೂತಕದ ಮನೆ ಎನ್ನುತ್ತಾರೆ.

ಬರೆದವಳೇ ಅಳಿಸಬೇಕು ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯುಗಾದಿಯ ಹಿಂದಿನ ದಿನ ಬೆಳಿಗ್ಗೆ ಬಕೆಟ್ಟು, ಪೊರಕೆ, ಉಜ್ಜುವ ಬ್ರಷ್ಷು ಹಿಡಿದು ಹೋದೆ. ಉದಯಶಂಕರ್ ಬೇಡವೆಂದರು, ಮಗಳು ತನ್ಮಯಿ ಫೋನಿನಲ್ಲಿ 'ಅಮ್ಮಾ, ಪ್ಲೀಸ್, ಲೆಟ್ ಇಟ್ ಗೋ' ಎಂದಳು. ಬೂಟು ಬಿಚ್ಚಿ ಬದಿಗಿಟ್ಟು ಮಂಡಿಯೂರಿ ಉಜ್ಜಿದೆ. ಮುಕ್ಕಾಲು ಗಂಟೆ ಉಜ್ಜಿದರೆ ಕಾಫಿ ಕಲೆ ಹೋಯಿತು, ಚ್ಯೂಯಿಂಗ್ ಗಮ್ ಹೋಯಿತು, ರಂಗೋಲಿ ಮೊದಲಿಗಿಂತ ಫಳಫಳ ಹೊಳೆಯಿತು. ಅಷ್ಟರಲ್ಲಿ ಹಳದಿ ಜಾಕೆಟ್ಟಿನ ನಿಮ್ಮ ಅಧಿಕಾರಿ ಬಂದ. ಸಾರ್ವಜನಿಕ ಕಲಾಕೃತಿಗೆ ಹಾನಿ ಮಾಡುವುದು ಅಪರಾಧ ಎಂದ. ನಾನು ಫಲಕದ ಮೇಲಿನ ಹೆಸರು ತೋರಿಸಿ ಅದು ನಾನೇ ಎಂದೆ. ಅವನು ಹೆಸರು ಓದಿ, ನನ್ನನ್ನು ನೋಡಿ, ಹೆಸರು ನಿಮ್ಮದು ಆಂಟಿ, ಆದರೆ ನೆಲ ಕೌನ್ಸಿಲ್ಲಿನದು ಎಂದು ಮೆಲ್ಲಗೆ ಹೇಳಿ ಎಚ್ಚರಿಕೆಯ ಚೀಟಿ ಬರೆದುಕೊಟ್ಟ. ಒಂದು ವಿಷಯ ನಿಮಗೆ ತಿಳಿದಿರಲಿ. ಅದನ್ನು ಬರೆಯುತ್ತಿದ್ದಷ್ಟು ಹೊತ್ತೂ ಅವನು ರಂಗೋಲಿಯ ಗೆರೆಯ ಆಚೆಗೇ ನಿಂತಿದ್ದ. ಯಾವ ತಾಯಿಯ ಮಗನೋ, ನಾನು ಕೇಳಲಿಲ್ಲ.

ಈಗ ಈ ಕಲಾಕೃತಿ ಯಾವುದೋ ಪ್ರಶಸ್ತಿಯ ಅಂತಿಮ ಸುತ್ತಿಗೆ ಹೋಗಿದೆಯಂತೆ. ಎಲ್ಲರನ್ನೂ ಒಳಗೊಳ್ಳುವ ವಿನ್ಯಾಸ ಎಂಬ ವಿಭಾಗದಲ್ಲಿ. ಇನ್ನೂ ಐದು ಸ್ಟೇಷನ್ನುಗಳ ಮುಂದೆ ಇದನ್ನೇ ಹಾಸುವ ಯೋಚನೆಯಿದೆ ಎಂದು ನಿಮ್ಮ ಸುದ್ದಿಪತ್ರ ಹೇಳುತ್ತದೆ. ಒಳಗೊಳ್ಳುವುದು ಎಂದರೆ ನಮ್ಮ ಚಿತ್ರವನ್ನು ಒಳಗೆ ತೆಗೆದುಕೊಂಡು ನಮ್ಮನ್ನು ಸೈಕಲ್ ದಾರಿಗೆ ಕಳಿಸುವುದೇ? ದೀಪಾವಳಿಗೆ ನಮ್ಮ ಸೀರೆಯ ಅಂಚು ನಿಮ್ಮ ಪೋಸ್ಟರಿನ ಅಂಚಾಗುತ್ತದೆ, ನಮ್ಮ ಬಿರಿಯಾನಿ ನಿಮ್ಮ ಬ್ರೋಷರಿನ ಹಸಿವಾಗುತ್ತದೆ. ಕಾಲಿಡಲು ಜಾಗ ಕೇಳಿದರೆ ಮಾತ್ರ ನಾವು ವಿಚಲಿತರಾದ ಪಾದಚಾರಿಗಳು. ನನಗೆ ಕೋಪ ಇಳಿದು ಬಹಳ ದಿನವಾಯಿತು, ಈಗ ಉಳಿದಿರುವುದು ಅಸಹ್ಯ. ಅದರಲ್ಲಿ ಒಂದು ಪಾಲು ನನ್ನ ಮೇಲೂ ಇದೆ, ಅದನ್ನು ಹೇಳದೆ ಈ ಪತ್ರ ಮುಗಿಸಲಾರೆ.

ಉದ್ಘಾಟನೆಯ ದಿನ ನಿಮ್ಮ ಫೋಟೋಗ್ರಾಫರ್ ನನ್ನನ್ನು ರಂಗೋಲಿಯ ನಡುವೆ ನಿಲ್ಲಿ ಎಂದ. ನಾನು ಹಿಂಜರಿದೆ. ಎಲ್ಲರೂ ಕಾಯುತ್ತಿದ್ದಾರೆ ಮೇಡಂ, ಒಂದೇ ನಿಮಿಷ ಎಂದ. ಮೇಯರ್ ಕೈಗಡಿಯಾರ ನೋಡಿಕೊಂಡರು. ನೆಲ ಒದ್ದೆ, ಬೂಟು ಬಿಚ್ಚಿ ಅಷ್ಟು ಜನರ ಮುಂದೆ ಬರಿಗಾಲಲ್ಲಿ ನಿಲ್ಲಲು ನಾಚಿಕೆಯಾಯಿತು. ನಾನು ಹೋಗಿ ನಿಂತೆ. ಬೂಟು ಹಾಕಿದ ಕಾಲಲ್ಲಿ, ಆ ಎರಡು ಪಾದಗಳ ಮೇಲೆ, ನಗುತ್ತಾ. ಹೋಟೆಲ್ಲಿನವರಿಗೆ ಕರವಸ್ತ್ರ ತೋರಿಸಿ ಬುದ್ಧಿ ಹೇಳಿದ ಹೆಂಗಸು ನಾನೇ. ಆ ಫೋಟೋ ನಿಮ್ಮ ಬೆಳಕಿನ ಹಲಗೆಯಲ್ಲಿ ಬರ್ಗರಿನ ನಂತರ, ಮೊಬೈಲಿನ ಮೊದಲು, ಇವತ್ತಿಗೂ ಆಳೆತ್ತರಕ್ಕೆ ಹೊಳೆಯುತ್ತಿದೆ. ಕಾಶವ್ವ ಮೂರು ತಿಂಗಳು ದಿನಾ ಆ ಹಲಗೆಯ ಮುಂದೆಯೇ ಹಾದು ಬಂದರು. ಅದನ್ನು ಅವರು ಗಮನಿಸಿಲ್ಲ ಎಂದು ನಾನು ನನ್ನನ್ನೇ ನಂಬಿಸಿಕೊಂಡಿದ್ದೆ.

ಜೂನಿನಲ್ಲಿ ಅವರಿಗೆ ವಾಕರ್ ಹಿಡಿದು ನಡೆಯುವಷ್ಟು ಬಲ ಬಂತು. ನಡೆದಷ್ಟೂ ಒಳ್ಳೆಯದು, ನಡೆಯದಿದ್ದರೆ ಕಾಲು ಕೂತುಬಿಡುತ್ತದೆ ಎಂದು ಫಿಸಿಯೋದವರು ಹೇಳಿದ್ದರು. ನಾನು ಜೊತೆಗೆ ಹೋದೆ. ಮೊದಲು ಹನ್ನೆರಡು ನಿಮಿಷದ ದಾರಿ, ಅಂದು ಮುಕ್ಕಾಲು ಗಂಟೆ. ರಂಗೋಲಿಯ ಅಂಚಿಗೆ ಬಂದು ವಾಕರ್ ನಿಂತಿತು. ಎಡಕ್ಕೆ ಸರಿಯಲು ಧೈರ್ಯವಿಲ್ಲ, ಸೈಕಲ್ಲುಗಳು ಹೋಗುತ್ತಲೇ ಇದ್ದವು. ಮುಂದೆ ಹೋಗಬೇಕಾದರೆ ವಾಕರಿನ ನಾಲ್ಕು ಕಾಲನ್ನೂ ತಮ್ಮ ಎರಡು ಕಾಲನ್ನೂ ಅದರ ಮೇಲೆಯೇ ಇಡಬೇಕು. ಆಚೆ ಇಪ್ಪತ್ತು ಹೆಜ್ಜೆಗೆ ಸೊಪ್ಪಿನ ಅಂಗಡಿ ಕಾಣುತ್ತಿತ್ತು, ಅಂಗಡಿಯವನು ಇವರನ್ನು ಗುರುತಿಸಿ ಕೈಯೆತ್ತಿದ. ನಾನು ಅದು ಬರೀ ಬಣ್ಣ, ಎಲ್ಲರೂ ನಡೆಯುತ್ತಾರೆ, ಬನ್ನಿ ಎಂದು ಬೇಡಿಕೊಂಡೆ. ನಾನೇ ಬರೆದದ್ದು, ನಾನೇ ಹೇಳುತ್ತಿದ್ದೇನೆ ಎಂದೆ. ಆಗ ಅವರು ಹಲಗೆಯ ಕಡೆ ನೋಡಿದರು. ಬರ್ಗರ್ ಹೋಗಿ ನನ್ನ ಫೋಟೋ ಬಂದಿತ್ತು.

"ನೋಡೀನಿ ತಂಗಿ, ದಿನಾ ನೋಡೀನಿ," ಎಂದರು. "ನಿನ್ನ ಕೈಯಾಗಿಂದ ಬಂದದ್ದು ಅದು, ನೀ ಅದರ ಮ್ಯಾಲೆ ನಿಂತರ ನಿನ್ನದು ನಿನಗ ಬಿಟ್ಟದ್ದು. ನಾ ಹೆಂಗ ತುಳೀಲಿ? ತುಳದ ಬಂದು ನಿನ್ನ ಬಾಜೂಕ ಕುಂತು ಯಾವ ಬಾಯಿಲೆ ಮಾತಾಡ್ಲಿ?"

ಅವರು ವಾಕರನ್ನು ಮೆಲ್ಲಗೆ ತಿರುಗಿಸಿಕೊಂಡರು. ಹಿಂದಿರುಗುವಾಗ ನನಗೆ ಬೇಜಾರಾಗಬಾರದೆಂದು ಮೆಂತ್ಯ ಸೊಪ್ಪನ್ನು ಬಿಸಿಲಲ್ಲಿ ಹೇಗೆ ಒಣಗಿಸಬೇಕು ಎಂದು ದಾರಿಯುದ್ದಕ್ಕೂ ಹೇಳಿಕೊಟ್ಟರು. ಆಮೇಲೆ ಅವರು ಆ ಕಡೆ ಬಂದಿಲ್ಲ. ಜೋಳದ ಹಿಟ್ಟು, ಸೊಪ್ಪು ಎಲ್ಲವನ್ನೂ ಶೋಭಾ ಭಾನುವಾರ ರೇನರ್ಸ್ ಲೇನಿನ ಅಂಗಡಿಯಿಂದ ಕಾರಿನಲ್ಲಿ ತರುತ್ತಾರೆ. ಕಾಶವ್ವ ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ನಡೆಯುತ್ತಾರೆ. ಕಾಲು ಕೂರುತ್ತಿದೆ ಎಂದು ಶೋಭಾ ಮೊನ್ನೆ ಹೇಳಿದರು. ಚಳಿಗಾಲ ಕಳೆಯುವುದರೊಳಗೆ ಹೊರಗೆ ನಡೆಯದಿದ್ದರೆ ಮತ್ತೆ ನಡೆಯಲಾರರು ಎಂಬುದು ಅವರೊಳಗಿನ ಡಾಕ್ಟರ ಮಾತು, ಮಗಳ ಮಾತಲ್ಲ.

ಆದ್ದರಿಂದ ಮಾನ್ಯರೇ, ದೀಪಾವಳಿಗೆ ಮೊದಲು ಆ ರಂಗೋಲಿಯನ್ನು ನೆಲದಿಂದ ಎಬ್ಬಿಸಿ. ಕಿತ್ತ ಅಂಚುಕಲ್ಲನ್ನು ಮತ್ತೆ ಹಾಕಿ. ಫಲಕದಿಂದ ನನ್ನ ಹೆಸರನ್ನು ತೆಗೆಯಿರಿ, ಹಲಗೆಯಿಂದ ನನ್ನನ್ನು ಇಳಿಸಿ. ಪ್ರಶಸ್ತಿ ಬಂದರೆ ನೀವೇ ಇಟ್ಟುಕೊಳ್ಳಿ, ನಿಮ್ಮ ಮನೆಯಲ್ಲಿ ಗೋಡೆಗಳಿರುತ್ತವೆ ಎಂದುಕೊಂಡಿದ್ದೇನೆ. ಕಾಯಿಸಿ ಮೆತ್ತಿದ ಬಣ್ಣವನ್ನು ಕಾಯಿಸಿಯೇ ಕೀಳಬೇಕಂತೆ, ಅದಕ್ಕೆ ಯಂತ್ರವೂ ನಿಮ್ಮಲ್ಲೇ ಇದೆಯಂತೆ. ಯಂತ್ರ ತರುವ ದಿನ ನನಗೆ ಒಂದು ಮಾತು ತಿಳಿಸಿ. ಕೊನೆಯ ಪುಡಿಯನ್ನು ಬರೆದವಳೇ ಗುಡಿಸಬೇಕು. ಬಕೆಟ್ಟು ಪೊರಕೆ ನಾನೇ ತರುತ್ತೇನೆ, ಬರಿಗಾಲಲ್ಲಿ ಬರುತ್ತೇನೆ. ಗುಡಿಸಿ, ನೀರು ಹಾಕಿ, ಅದು ಒಣಗಿದ ಮೇಲೆ ಹೋಗಿ ಕಾಶವ್ವನನ್ನು ಕರೆದುಕೊಂಡು ಬರುತ್ತೇನೆ. ಅಂದು ನಿಮ್ಮ ಫೋಟೋಗ್ರಾಫರನ್ನು ಮಾತ್ರ ಕಳಿಸಬೇಡಿ.

ಇಂತಿ,
ತಾನು ಬರೆದ ಪಾದಗಳ ಮೇಲೆ ಬೂಟು ಹಾಕಿ ನಿಂತು ನಕ್ಕವಳು,
ಚಂದ್ರಿಕಾ
(ಕಬ್ಬಿಣದ ಕೈಯಿರುವ ಬೆಂಚಿನ ಈ ಕಡೆಯಿಂದ, ಆ ಕಡೆ ಖಾಲಿ ಇದೆ)